ಮಳೆ ಬಂದ್ರೆ ಟ್ರಿಪ್: ಐಪಿ ನಂಬರ್ ಇದ್ದೂ ನೀರು, ಧೂಳು ಒಳಗೆ ಹೋಗುವುದು ಎಲ್ಲಿಂದ?

ಬೆಂಗಳೂರಿನಲ್ಲಿ ಬೇಸಿಗೆಯ ಮೊದಲ ಜೋರು ಮಳೆ ಬಿದ್ದ ರಾತ್ರಿ ಎಲೆಕ್ಟ್ರಿಷಿಯನ್‌ಗಳಿಗೆ ಬರುವ ಫೋನ್‌ಗಳಲ್ಲಿ ಒಂದು ದೂರು ಪದೇ ಪದೇ ಕೇಳಿಸುತ್ತದೆ. ‘ಮಳೆ ಶುರುವಾದ್ರೆ ಸಾಕು, ಇಡೀ ಮನೆ ಕರೆಂಟ್ ಹೋಗುತ್ತೆ. ಗೇಟ್ ಲೈಟ್ ಹೊಸದು, ಡಬ್ಬದ ಮೇಲೆ ಐಪಿ65 ಅಂತ ಇದೆ. ಐಪಿ67 ತಂದು ಹಾಕಿದ್ರೆ ಸರಿಹೋಗುತ್ತಾ?’

ಐಪಿ ನಂಬರ್ ಅಂದರೆ ಪೆಟ್ಟಿಗೆ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು. ಅದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಅದೇ ಜಾಗದಲ್ಲಿ, ಅದೇ ರೀತಿ ಕೂರಿಸಿದರೆ ಐಪಿ67 ಲೈಟಿನಲ್ಲೂ ನೀರು ತುಂಬಿಕೊಳ್ಳುತ್ತದೆ. ಯಾಕೆಂದರೆ ಆ ನಂಬರ್ ಕೊಟ್ಟಿದ್ದು ಕಾರ್ಖಾನೆಯಿಂದ ಬಂದ ಹೊಸ ಪೆಟ್ಟಿಗೆಗೆ. ವೈರ್ ತೂರಿಸಲು ನಾವು ಕೊರೆದ ತೂತಿಗೆ, ಬೆನ್ನಿಗೆ ಹೊಡೆದ ಸ್ಕ್ರೂಗೆ, ಅರ್ಧ ಬಿಗಿ ಮಾಡಿದ ಮುಚ್ಚಳಕ್ಕೆ ಅಲ್ಲ. ಹಾಗಾಗಿ ದೋಷ ಹುಡುಕುವಾಗ ‘ನಂಬರ್ ಸಾಲದು’ ಅನ್ನುವುದು ಕೊನೆಯ ಅನುಮಾನವಾಗಿರಲಿ. ಮೊದಲ ಅನುಮಾನ ಕೇಬಲ್ ಒಳಗೆ ಹೋಗುವ ಜಾಗ.

ನಂಬರ್ ಹೇಳುವುದು ಏನು

ಐಪಿ ನಂತರ ಎರಡು ಅಂಕಿ ಇರುತ್ತವೆ. ಇದರ ನಿಯಮ ಇರುವುದು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ. ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್ ಅದನ್ನೇ ಐಎಸ್/ಐಇಸಿ 60529 ಎಂದು ತೆಗೆದುಕೊಂಡಿದೆ.

ಮೊದಲ ಅಂಕಿ ಗಟ್ಟಿ ವಸ್ತುವಿನದು, 0ರಿಂದ 6ರವರೆಗೆ. 2 ಅಂದರೆ ಬೆರಳು ಒಳಗೆ ಹೋಗಿ ಕರೆಂಟ್ ಮುಟ್ಟಲಾರದು, 12.5 ಮಿ.ಮೀ. ಗುಂಡು ತೂರಲಾರದು. 4 ಅಂದರೆ 1 ಮಿ.ಮೀ. ತಂತಿಯೂ ತೂರಲಾರದು. 5ಕ್ಕೆ ಸ್ವಲ್ಪ ಧೂಳು ಹೋಗಬಹುದು, ಆದರೆ ಕೆಲಸ ಕೆಡುವಷ್ಟು ಅಲ್ಲ. 6ಕ್ಕೆ ಧೂಳು ಹೋಗಲೇಬಾರದು. ಇದನ್ನು ನೋಡಲು ಮುಚ್ಚಿದ ಕೋಣೆಯೊಳಗೆ ನಯವಾದ ಟಾಲ್ಕಂ ಪುಡಿ ಹಾರಿಸುತ್ತಾರೆ. 6ರ ಪರೀಕ್ಷೆಯಲ್ಲಿ ಪೆಟ್ಟಿಗೆಯೊಳಗಿನ ಗಾಳಿಯನ್ನು ಪಂಪಿನಿಂದ ಎಳೆಯುತ್ತಾರೆ, ಪುಡಿ ಒಳಗೆ ನುಗ್ಗಲಿ ಅಂತಲೇ.

ಎರಡನೇ ಅಂಕಿ ನೀರಿನದು. 4 ಅಂದರೆ ಎಲ್ಲ ಕಡೆಯಿಂದ ಎರಚಿದ ನೀರು. 5 ಅಂದರೆ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಸುಮಾರು 3 ಮೀಟರ್ ದೂರದಿಂದ ಕನಿಷ್ಠ 3 ನಿಮಿಷ ಹೊಡೆಯುವುದು. 6ಕ್ಕೆ ನಿಮಿಷಕ್ಕೆ 100 ಲೀಟರ್. 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸುವುದು. 8 ಅಂದರೆ ಅದಕ್ಕಿಂತ ಕಠಿಣವಾಗಿ ಮುಳುಗಿಸುವುದು. ಎಷ್ಟು ಆಳ, ಎಷ್ಟು ಹೊತ್ತು ಅನ್ನುವುದನ್ನು ತಯಾರಕರೇ ಹೇಳಬೇಕು. ಹೇಳದಿದ್ದರೆ ಆ 8ಕ್ಕೆ ಹೆಚ್ಚು ಅರ್ಥವಿಲ್ಲ.

ಇಲ್ಲಿ ಜನ ಎಡವುವ ಜಾಗ ಒಂದಿದೆ. 6ರವರೆಗೆ ಮೇಲಿನ ಅಂಕಿ ಪಾಸಾದರೆ ಕೆಳಗಿನವೂ ಪಾಸಾದಂತೆ. 7 ಮತ್ತು 8ಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಮುಳುಗಿಸಿದಾಗ ನೀರು ಸುತ್ತಲಿಂದ ಒಂದೇ ಸಮ ಒತ್ತುತ್ತದೆ. ಪೈಪಿನಿಂದ ಹೊಡೆದಾಗ ಒಂದೇ ಕಡೆ ಗುದ್ದುತ್ತದೆ. ಆದ್ದರಿಂದ ಬರೀ ಐಪಿ67 ಅಂತ ಇರುವ ಲೈಟು ಪೈಪಿನ ಹೊಡೆತ ತಡೆಯುತ್ತದೆ ಎಂಬ ಗ್ಯಾರಂಟಿ ಇಲ್ಲ. ಎರಡೂ ಪರೀಕ್ಷೆ ಆಗಿದ್ದರೆ ಐಪಿ66/ಐಪಿ67 ಅಂತ ಎರಡನ್ನೂ ಬರೆದಿರುತ್ತಾರೆ. ಗೋಡೆ ಮೇಲಿನ ಲೈಟಿಗೆ ಮಳೆ ಬಡಿಯುತ್ತದೆಯೇ ಹೊರತು ಅದು ಮುಳುಗುವುದಿಲ್ಲ, ಅಲ್ವಾ? ಅಲ್ಲಿಗೆ 65 ಸಾಕು.

ಮೊದಲು ಯಾವ ಲೈನ್ ಅಂತ ಹಿಡಿಯಿರಿ

ಪೆಟ್ಟಿಗೆ ಬಿಚ್ಚುವ ಅವಸರ ಬೇಡ. ಟ್ರಿಪ್ ಆಗುತ್ತಿರುವುದು ಎಂಸಿಬಿಯೋ ಆರ್‌ಸಿಸಿಬಿಯೋ ನೋಡಿ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್, ಆರ್‌ಸಿಸಿಬಿ ಅಂದರೆ ಕರೆಂಟ್ ಅರ್ತ್‌ಗೆ ಸೋರಿದರೆ ಕಡಿಯುವ ಸ್ವಿಚ್. ಮಳೆಗೆ ಎಂಸಿಬಿ ಬಿದ್ದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಶಾರ್ಟ್ ಆಗಿದೆ, ಅಂದರೆ ನೀರು ತುಂಬಾ ಒಳಗೆ ಹೋಗಿದೆ. ಹೆಚ್ಚಾಗಿ ಬೀಳುವುದು ಆರ್‌ಸಿಸಿಬಿ.

ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಅದು ಬೀಳಬಹುದು. 230 ವೋಲ್ಟ್‌ನಲ್ಲಿ 30 ಮಿಲಿ ಆಂಪಿಯರ್ ಸೋರಬೇಕಾದರೆ ಇನ್ಸುಲೇಷನ್ ಸುಮಾರು 7.7 ಕಿಲೋ ಓಮ್‌ಗೆ ಇಳಿದಿರಬೇಕು. ಸರಿ ಇರುವ ಲೈನ್ ಮೆಗಾ ಓಮ್‌ಗಳಲ್ಲಿರುತ್ತದೆ. ಅಂದರೆ ಟ್ರಿಪ್ ಆಗುವ ಹೊತ್ತಿಗೆ ವಿಷಯ ಬಹಳ ದೂರ ಹೋಗಿದೆ ಅಂತಲೇ ಲೆಕ್ಕ. ಆರ್‌ಸಿಸಿಬಿ ಬೈಪಾಸ್ ಮಾಡಿ ‘ಮಳೆಗಾಲ ಮುಗಿಯಲಿ, ನೋಡೋಣ’ ಅನ್ನುವವರನ್ನು ಮನೆಯ ಹತ್ತಿರ ಬಿಟ್ಟುಕೊಳ್ಳಬೇಡಿ. ಒದ್ದೆ ಗೇಟ್ ಹಿಡಿಯುವುದು ಮಕ್ಕಳು.

ಎಲ್ಲ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಆ ಲೈನ್ ಅನುಮಾನದ್ದು. ಇದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಕೆಲವೊಮ್ಮೆ ಈ ದಾರಿ ಕೈಕೊಡುತ್ತದೆ. ಗೇಟ್ ಲೈಟಿನ ಎಂಸಿಬಿ ಆಫ್ ಇದ್ದರೂ ಟ್ರಿಪ್ ನಿಲ್ಲುವುದಿಲ್ಲ. ಗೀಸರ್ ಅಥವಾ ಮಿಕ್ಸಿ ಹಾಕಿದ ಕೂಡಲೇ ಬೀಳುತ್ತದೆ. ಎಲ್ಲರೂ ಗೀಸರ್ ಮೇಲೆ ಗೂಬೆ ಕೂರಿಸುತ್ತಾರೆ, ಹೊಸ ಹೀಟಿಂಗ್ ಕಾಯಿಲ್ ಕೂಡ ಹಾಕಿಸುತ್ತಾರೆ.

ಕಾರಣ ಹೀಗಿದೆ. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಹಾಗೇ ಜೋಡಿಕೊಂಡಿರುತ್ತದೆ. ಗೇಟ್ ಲೈಟಿನ ಜಾಯಿಂಟ್‌ನಲ್ಲಿ ನೀರು ನಿಂತು ನ್ಯೂಟ್ರಲ್ ಮತ್ತು ಅರ್ತ್ ಸೇರಿದರೆ, ಮನೆಯ ಬೇರೆ ಲೋಡಿನ ಕರೆಂಟ್ ಒಂದು ಪಾಲು ಆ ದಾರಿಯಲ್ಲಿ ಮಣ್ಣಿಗೆ ಹೋಗುತ್ತದೆ. ಲೋಡ್ ದೊಡ್ಡದಾದಷ್ಟೂ ಸೋರುವುದು ಜಾಸ್ತಿ. ಅದಕ್ಕೇ ಗೀಸರ್ ಹಾಕಿದಾಗ ಬೀಳುವುದು. ಮೇನ್ ಆಫ್ ಮಾಡಿ, ಹೊರಗಿನ ಲೈನಿನ ನ್ಯೂಟ್ರಲ್ ವೈರನ್ನು ನ್ಯೂಟ್ರಲ್ ಬಾರ್‌ನಿಂದ ಬಿಚ್ಚಿಟ್ಟು, ಮೇನ್ ಮತ್ತೆ ಆನ್ ಮಾಡಿ ನೋಡಿ. ಟ್ರಿಪ್ ನಿಂತರೆ ಗೀಸರ್ ನಿರಪರಾಧಿ.

ಲೈನ್ ಸಿಕ್ಕ ಮೇಲೆ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್. 500 ವೋಲ್ಟ್‌ನಲ್ಲಿ ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಎರಡನ್ನೂ ಅಳೆಯಬೇಕು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಲೈನ್ ಕೆಟ್ಟಿದೆ. ಅಳೆಯುವ ಮೊದಲು ಎಲ್‌ಇಡಿ ಡ್ರೈವರ್‌ಗಳನ್ನು (ಎಲ್‌ಇಡಿಗೆ ಕರೆಂಟ್ ಕೊಡುವ ಭಾಗ) ಬಿಚ್ಚಿಡಿ, ಇಲ್ಲದಿದ್ದರೆ 500 ವೋಲ್ಟ್‌ಗೆ ಅವು ಹೋಗಬಹುದು. ಸಾಮಾನ್ಯ ಮಲ್ಟಿಮೀಟರ್‌ನಿಂದ ಈ ಕೆಲಸ ಆಗುವುದಿಲ್ಲ. ಅದರ ಕೆಲವೇ ವೋಲ್ಟಿಗೆ ‘ಎಲ್ಲ ಚೆನ್ನಾಗಿದೆ’ ಅನ್ನುವ ಲೈನ್, 230 ವೋಲ್ಟ್ ಬಂದಾಗ ಸೋರುತ್ತದೆ. ಮೆಗ್ಗರ್ ಇಲ್ಲದಿದ್ದರೆ ಮಿಲಿ ಆಂಪಿಯರ್ ತೋರಿಸುವ ಲೀಕೇಜ್ ಕ್ಲ್ಯಾಂಪ್ ಮೀಟರ್ ತಂದು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿಸಿ ನೋಡಿ. ಅದು ತೋರಿಸುವ ಅಂಕಿಯೇ ಸೋರಿಕೆ.

ಇವು ಡಿಬಿ (ಎಂಸಿಬಿಗಳಿರುವ ಬೋರ್ಡ್) ಬಿಚ್ಚುವ ಕೆಲಸಗಳು. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮೀಟರ್ ಬೋರ್ಡಿನ ಸೀಲ್ ಮಾಡಿದ ಭಾಗ ಒದ್ದೆಯಾಗಿ ಕಿಡಿ ಹಾರುತ್ತಿದ್ದರೆ ಯಾರೂ ಕೈ ಹಾಕಬಾರದು. ಅದಕ್ಕೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಪೆಟ್ಟಿಗೆ ಬಿಚ್ಚಿದಾಗ ಒರೆಸಬೇಡಿ

ಮುಚ್ಚಳ ತೆಗೆದ ಕೂಡಲೇ ಬಟ್ಟೆ ತೆಗೆದುಕೊಂಡು ಒರೆಸುವ ಚಾಳಿ ಎಲ್ಲರಿಗೂ ಇದೆ. ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ನೀರು ಬಂದ ದಾರಿ ಆ ಕಲೆಗಳಲ್ಲೇ ಇದೆ.

ಗಾಜಿನ ಒಳಮೈ ತುಂಬ ಸಣ್ಣ ಹನಿಗಳು ಒಂದೇ ಸಮ ಹರಡಿದ್ದರೆ ಅದು ಮಳೆ ನೀರಲ್ಲ. ಒಳಗಿನ ಗಾಳಿಯ ತೇವ ತಣ್ಣಗಾಗಿ ಹನಿಯಾಗಿದೆ. ಮೇಲಿನ ಮೂಲೆಯಿಂದ ಕೆಳಕ್ಕೆ ಒಂದು ಗೆರೆ ಇಳಿದಿದ್ದರೆ ಮುಚ್ಚಳದ ಅಂಚಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್ಟೋ, ಮೇಲಿನ ತೂತೋ ಸೋರಿದೆ. ತಳದಲ್ಲಿ ಸಮತಟ್ಟಾದ ತುಕ್ಕಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೆ ತುಂಬಿ ನಿಂತಿತ್ತು, ಹೊರಗೆ ಹೋಗಲು ದಾರಿ ಇರಲಿಲ್ಲ. ಪೆಟ್ಟಿಗೆ ಎಲ್ಲ ಒಣಗಿದ್ದು ವೈರ್ ಸಿಕ್ಕಿಸಿದ ಕನೆಕ್ಟರ್ ಮಾತ್ರ ಹಸಿರುಗಟ್ಟಿದ್ದರೆ ನೀರು ಕೇಬಲ್ ಒಳಗಿನಿಂದಲೇ ಬಂದಿದೆ.

ಧೂಳೂ ಸಹಾಯಕ್ಕೆ ಬರುತ್ತದೆ. ರಸ್ತೆ ಅಗೆಯುವುದು, ಮೆಟ್ರೊ ಕೆಲಸ, ಪಕ್ಕದ ಸೈಟಿನ ಎಂ-ಸ್ಯಾಂಡ್ ಇವೆಲ್ಲ ಇರುವ ಊರಿನಲ್ಲಿ ಬೇಸಿಗೆಯ ಧೂಳು ಮಳೆಗಿಂತ ಮೊದಲೇ ಒಳಗೆ ಹೋಗಿರುತ್ತದೆ. ಗ್ಯಾಸ್ಕೆಟ್ ಮೇಲೆ ಎಲ್ಲಿ ಬೂದು ಬಣ್ಣದ ಪಟ್ಟೆ ಒಳಮುಖವಾಗಿ ಹರಡಿದೆಯೋ ಅಲ್ಲಿ ಮುಚ್ಚಳ ಒತ್ತುತ್ತಿಲ್ಲ. ಅನುಮಾನ ಇದ್ದರೆ ಗ್ಯಾಸ್ಕೆಟ್ ಕೂರುವ ಅಂಚಿಗೆ ಸೀಮೆಸುಣ್ಣ ಉಜ್ಜಿ, ಮುಚ್ಚಳ ಬಿಗಿ ಮಾಡಿ, ಮತ್ತೆ ಬಿಚ್ಚಿ. ಸುಣ್ಣ ಅಂಟದ ಜಾಗವೇ ಸಂದು. ದೊಡ್ಡ ಪ್ಯಾನೆಲ್ ಬಾಗಿಲಿಗೆ ಪೇಪರ್ ಪಟ್ಟಿ ಸಿಕ್ಕಿಸಿ ಎಳೆದು ನೋಡಿದರೂ ಸಾಕು. ಸಲೀಸಾಗಿ ಬಂದರೆ ಅಲ್ಲಿ ಬಿಗಿ ಇಲ್ಲ.

ಟ್ರಿಪ್ ಆಗುವ ಹೊತ್ತನ್ನೂ ಗಮನಿಸಿ. ಮಳೆ ಹತ್ತಿದ ಕೂಡಲೇ ಬಿದ್ದರೆ ಎಲ್ಲೋ ಜಾಯಿಂಟ್ ಬಯಲಿಗೇ ಇದೆ. ಸ್ವಲ್ಪ ಹೊತ್ತು ಬಿಟ್ಟು ಬಿದ್ದರೆ ನೀರು ಪೈಪ್ ಅಥವಾ ಕೇಬಲ್ ಹಿಡಿದು ನಿಧಾನವಾಗಿ ಬರುತ್ತಿದೆ. ಮಳೆ ನಿಂತ ಮಾರನೇ ಸಂಜೆ ಲೈಟ್ ಹಾಕಿದಾಗ ಬಿದ್ದರೆ ಒಳಗೆ ನೀರು ನಿಂತಿದೆ.

ಕೇಬಲ್ ಒಳಗೆ ಹೋಗುವ ಜಾಗ

ನೋಡಲೇಬೇಕಾದದ್ದು ಇದು. ಹೊರಗಿನ ಪೆಟ್ಟಿಗೆಗಳಲ್ಲಿ ನೀರು ಬರುವುದು ಹೆಚ್ಚಾಗಿ ಇಲ್ಲಿಂದಲೇ.

ಕೇಬಲ್ ಒಳಗೆ ಹೋಗುವ ತೂತಿಗೆ ತಿರುಗಿಸಿ ಕೂರಿಸುವ ಗ್ಲ್ಯಾಂಡ್ ಅನ್ನುವುದು ದುಂಡನೆಯ ಕೇಬಲ್‌ಗೆ ಮಾಡಿದ್ದು. ಒಳಗಿನ ರಬ್ಬರ್ ರಿಂಗ್ ಕೇಬಲ್‌ನ ಸುತ್ತ ಒಂದೇ ಸಮ ಕಚ್ಚಬೇಕು. ನಮ್ಮಲ್ಲಿ ಏನು ಮಾಡುತ್ತೇವೆ? ಫೇಸ್, ನ್ಯೂಟ್ರಲ್, ಅರ್ತ್ ಮೂರು ಬಿಡಿ ವೈರ್‌ಗಳನ್ನು ಒಂದೇ ಗ್ಲ್ಯಾಂಡಿನಲ್ಲಿ ತೂರಿಸುತ್ತೇವೆ. ಎಷ್ಟೇ ಬಿಗಿ ಮಾಡಿದರೂ ಮೂರು ವೈರ್‌ಗಳ ನಡುವಿನ ಸಂದು ಮುಚ್ಚುವುದಿಲ್ಲ. ಬೋರ್‌ವೆಲ್ ಪ್ಯಾನೆಲ್‌ನಲ್ಲಿ ಇನ್ನೊಂದು ತೊಂದರೆ. ಸಬ್‌ಮರ್ಸಿಬಲ್ ಪಂಪಿನ ಕೇಬಲ್ ಚಪ್ಪಟೆ, ಗ್ಲ್ಯಾಂಡ್ ದುಂಡಗೆ. ಎರಡು ಪಕ್ಕದಲ್ಲೂ ಅರ್ಧಚಂದ್ರದ ತೂತು ಉಳಿಯುತ್ತದೆ. ಚಪ್ಪಟೆ ಕೇಬಲ್‌ಗೆ ಬೇರೆ ರಬ್ಬರ್ ಇರುವ ಗ್ಲ್ಯಾಂಡ್ ಸಿಗುತ್ತದೆ, ಅದನ್ನೇ ಕೇಳಿ. ಬಿಡಿ ವೈರ್ ಆದರೆ ಗ್ಲ್ಯಾಂಡ್ ಅಲ್ಲ, ವೈರ್‌ಗಳನ್ನೇ ದುಂಡನೆಯ ತ್ರೀ-ಕೋರ್ ಕೇಬಲ್‌ಗೆ ಬದಲಾಯಿಸಿ. ಇದಕ್ಕಿಂತ ಅಗ್ಗದ ದುರಸ್ತಿ ಇನ್ನೊಂದಿಲ್ಲ.

ಕೇಬಲ್ ಎಲ್ಲಿಂದ ಒಳಗೆ ಹೋಗುತ್ತದೆ? ತಳದಿಂದ ಹೋದರೆ ಒಳ್ಳೆಯದು. ಪಕ್ಕದಿಂದಾದರೆ ಪರವಾಗಿಲ್ಲ. ಮೇಲಿನಿಂದ ಹೋದರೆ ಗ್ಲ್ಯಾಂಡ್ ಎಷ್ಟೇ ಚೆನ್ನಾಗಿರಲಿ, ಇವತ್ತಲ್ಲ ನಾಳೆ ಸೋರುತ್ತದೆ. ತಳದಿಂದ ಹೋಗುವಾಗಲೂ ಕೇಬಲ್ ನೇರವಾಗಿ ಮೇಲಿಂದ ಇಳಿದು ಬರಬಾರದು. ಪೆಟ್ಟಿಗೆಗಿಂತ ಕೆಳಗೆ ಒಂದು ಬಾಗು ಬಿಟ್ಟು ಮತ್ತೆ ಮೇಲಕ್ಕೆ ಹತ್ತಿಸಬೇಕು. ಕೇಬಲ್ ಮೈ ಹಿಡಿದು ಇಳಿಯುವ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಟೆರೇಸ್ ಮೇಲಿನ ಸಿಸಿಟಿವಿ ಕ್ಯಾಮೆರಾಗಳು ಹಾಳಾಗುವುದು ಬಹುಪಾಲು ಈ ಬಾಗು ಇಲ್ಲದೇ. ಕ್ಯಾಮೆರಾ ಐಪಿ67 ಇರುತ್ತದೆ. ಅದರ ಬಾಲದ ಕನೆಕ್ಟರ್ ಮಾತ್ರ ಗೋಡೆ ಮೇಲೆ ಬಯಲಲ್ಲಿ ನೇತಾಡುತ್ತಿರುತ್ತದೆ.

ಪೈಪ್ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲಿನ ಎಷ್ಟೋ ಮನೆಗಳಲ್ಲಿ ಗೇಟ್ ಲೈಟಿಗೆ ವೈರ್ ಹೋಗುವುದು ಕಾಂಪೌಂಡ್ ಗೋಡೆಯೊಳಗೆ ಅಥವಾ ನೆಲದಡಿ ಹಾಕಿದ ಪಿವಿಸಿ ಪೈಪಿನಲ್ಲಿ. ಮಳೆಗಾಲದಲ್ಲಿ ಆ ಪೈಪಿಗೆ ನೀರು ಸೇರಿ, ತಗ್ಗಿನಲ್ಲಿ ಅಲ್ಲೇ ನಿಂತಿರುತ್ತದೆ. ಟೆರೇಸಿನಿಂದ ಇಳಿಯುವ ಪೈಪ್ ಆದರೆ ಕೊಳಾಯಿಯೇ. ಲೈಟಿನ ಮುಂದಿನ ಗಾಜು ಐಪಿ65 ಇದ್ದು ಏನು ಬಂತು? ನೀರು ಬೆನ್ನಿನಿಂದ ಪೈಪ್ ಮೂಲಕ ಒಳಗೆ ಬರುತ್ತದೆ. ಮುಂದೆ ಚೆನ್ನಾಗಿ ಸೀಲ್ ಆಗಿರುವುದರಿಂದ ಹೊರಗೂ ಹೋಗುವುದಿಲ್ಲ. ಪೈಪಿನ ಬಾಯಿಗೆ ಸೀಲ್ ಹಾಕಿ, ಪೈಪ್ ಮತ್ತು ಲೈಟಿನ ನಡುವೆ ತಳದಿಂದ ನೀರು ಇಳಿದು ಹೋಗುವಂಥ ಒಂದು ಜಂಕ್ಷನ್ ಬಾಕ್ಸ್ ಇಡಿ.

ನೆಲದಡಿಯ ಪೈಪಿನಲ್ಲಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಬೇರೆ ಏನೂ ಹುಡುಕಬೇಡಿ. ಟೇಪ್ ನೀರು ತಡೆಯಲು ಮಾಡಿದ್ದಲ್ಲ. ಮನೆಯೊಳಗೆ ಎಳೆಯುವ ಸಾಮಾನ್ಯ ವೈರ್ ಕೂಡ ವರ್ಷವಿಡೀ ನೀರಿನಲ್ಲಿ ಮಲಗಿರಲು ಮಾಡಿದ್ದಲ್ಲ. ಜಾಯಿಂಟ್ ಇಲ್ಲದ ಆರ್ಮರ್ಡ್ ಕೇಬಲ್ ಎಳೆಯಿರಿ. ಜಾಯಿಂಟ್ ತಪ್ಪಿಸಲು ಆಗದಿದ್ದರೆ ಜೆಲ್ ಅಥವಾ ರೆಸಿನ್ ತುಂಬುವ ಕಿಟ್ ಬಳಸಿ.

ಕೇಬಲ್‌ನ ಒಳಗಿನಿಂದ ನೀರು ಬರುವುದು ಬಹಳ ಜನ ನಂಬದ ವಿಷಯ. ಸಣ್ಣ ಎಳೆಗಳ ತಾಮ್ರದ ವೈರ್‌ನಲ್ಲಿ ಎಳೆಗಳ ನಡುವಿನ ಸಂದು ದೀಪದ ಬತ್ತಿ ಎಣ್ಣೆ ಎಳೆದಂತೆ ನೀರು ಎಳೆಯುತ್ತದೆ. ಟೆರೇಸಿನಲ್ಲಿ ಕೇಬಲ್‌ನ ತುದಿ ಬಯಲಿಗಿದ್ದರೆ ಆ ನೀರು ಬಹಳ ದೂರದ ಡ್ರೈವರ್‌ವರೆಗೆ ಬರಬಹುದು. ಡ್ರೈವರ್ ಬದಲಾಯಿಸಿದರೆ ಮುಂದಿನ ಮಳೆಗೆ ಹೊಸದೂ ಹೋಗುತ್ತದೆ. ದುರಸ್ತಿ ಆಗಬೇಕಾದದ್ದು ಆ ಕಡೆಯ ತುದಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಕಚ್ಚುವ ಕೊಳವೆ) ಹಾಕಿ ಮುಚ್ಚಿ.

ಪೆಟ್ಟಿಗೆ ಉಸಿರಾಡುತ್ತದೆ

ಗ್ಲ್ಯಾಂಡ್ ಸರಿ, ಗ್ಯಾಸ್ಕೆಟ್ ಸರಿ, ತೂತು ಇಲ್ಲ, ಆದರೂ ನೀರು. ಇಂಥ ಕೇಸುಗಳೂ ಇವೆ.

ನಮ್ಮೂರ ಬೇಸಿಗೆ ಮಳೆ ಸಾಮಾನ್ಯವಾಗಿ ಬರುವುದು ಮಧ್ಯಾಹ್ನ ಸುಟ್ಟ ದಿನದ ಸಂಜೆಗೆ. ಲೈಟ್ ಹಾಕಿ ಒಂದು ಗಂಟೆ ಆಗಿದೆ, ಒಳಗಿನ ಗಾಳಿ 60 ಡಿಗ್ರಿಗೆ ಕಾದಿದೆ ಅಂದುಕೊಳ್ಳಿ. ಮಳೆ ಬಿದ್ದು ಪೆಟ್ಟಿಗೆ 22 ಡಿಗ್ರಿಗೆ ಇಳಿಯಿತು. ಮುಚ್ಚಿದ ಗಾಳಿ ಇಷ್ಟು ತಣ್ಣಗಾದರೆ ಒತ್ತಡ ಸುಮಾರು ನೂರಕ್ಕೆ 11ರಷ್ಟು ಬೀಳುತ್ತದೆ. 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನ ಗಾಳಿಯ ಒತ್ತಡದಲ್ಲಿ ಲೆಕ್ಕ ಹಾಕಿದರೆ ಇದು ಸುಮಾರು 1 ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಅಂದರೆ ಗೋಡೆ ಮೇಲಿರುವ ಐಪಿ65 ಲೈಟು ಆ ಹೊತ್ತಿಗೆ ತನಗೆ ಮಾಡದ ಮುಳುಗು ಪರೀಕ್ಷೆ ಎದುರಿಸುತ್ತಿದೆ. ಗ್ಯಾಸ್ಕೆಟ್ ಹೊರಗೆ ನಿಂತ ನೀರನ್ನು ಪೆಟ್ಟಿಗೆಯೇ ಒಳಗೆ ಹೀರುತ್ತದೆ.

ಲ್ಯಾಬ್ ಪರೀಕ್ಷೆಯಲ್ಲಿ ಇದು ಬರುವುದಿಲ್ಲ. ಅಲ್ಲಿ ನೀರು ಮತ್ತು ಪೆಟ್ಟಿಗೆಯ ಬಿಸಿಯ ವ್ಯತ್ಯಾಸ 5 ಡಿಗ್ರಿ ಮೀರದಂತೆ ನೋಡಿಕೊಳ್ಳುತ್ತಾರೆ. ಬಿಸಿಲಿಗೆ ಗಟ್ಟಿಯಾದ ಗ್ಯಾಸ್ಕೆಟ್ ಕೂಡ ಅಲ್ಲಿ ಇರುವುದಿಲ್ಲ, ಎಲ್ಲ ಹೊಸದು. ನೀರೂ ಸಿಹಿ ನೀರು, ಸೋಪಿನ ನೀರಲ್ಲ.

ಇದಕ್ಕೆ ಮದ್ದು ಇನ್ನಷ್ಟು ಸಿಲಿಕಾನ್ ಬಳಿಯುವುದಲ್ಲ. ಬಿಗಿ ಮಾಡಿದಷ್ಟೂ ಹೀರುವುದು ಜಾಸ್ತಿ. ಬ್ರೀದರ್ ವೆಂಟ್ ಅಂತ ಒಂದು ಸಣ್ಣ ಬಿಡಿಭಾಗ ಸಿಗುತ್ತದೆ, ಗ್ಲ್ಯಾಂಡ್ ಹಾಗೇ ತಿರುಗಿಸಿ ಕೂರಿಸುವುದು. ಅದರೊಳಗಿನ ಪೊರೆ ಗಾಳಿ ಬಿಡುತ್ತದೆ, ನೀರು ಬಿಡುವುದಿಲ್ಲ. ಅದನ್ನು ಪೆಟ್ಟಿಗೆಯ ಪಕ್ಕಕ್ಕೋ ತಳಕ್ಕೋ ಹಾಕಿ. ಲೈಟಿನಲ್ಲೇ ವೆಂಟ್ ಇದ್ದರೆ ಪೇಂಟರ್ ಅದರ ಮೇಲೆ ಬಣ್ಣ ಬಳಿದಿದ್ದಾನಾ ನೋಡಿ. ಮನೆಗೆ ಬಣ್ಣ ಹೊಡೆಸಿದ ಮೇಲೆ ಲೈಟ್‌ಗಳಲ್ಲಿ ನೀರು ಬರಲು ಶುರುವಾಗಿದ್ದರೆ ಇದೇ ಮೊದಲ ಅನುಮಾನ.

ತೇವದ ಹನಿಗೂ ವೆಂಟೇ ಪರಿಹಾರ. 24 ಡಿಗ್ರಿ ಬಿಸಿ, ನೂರಕ್ಕೆ 80 ತೇವ ಇರುವ ದಿನ ಮುಚ್ಚಳ ಮುಚ್ಚಿದರೆ, ಪೆಟ್ಟಿಗೆ 20 ಡಿಗ್ರಿಗೆ ಇಳಿದ ಕೂಡಲೇ ಒಳಗೆ ಹನಿ ಕಟ್ಟುತ್ತದೆ. ಆದ್ದರಿಂದ ಮಳೆ ನಿಂತ ಗಳಿಗೆಯಲ್ಲಿ ದುರಸ್ತಿ ಮಾಡಿ ಮುಚ್ಚಬೇಡಿ. ಬಿಸಿಲು ಬಂದ ದಿನ ಒಣಗಿಸಿ ಮುಚ್ಚಿ. ಸಿಲಿಕಾ ಜೆಲ್ ಪೊಟ್ಟಣ ಸುಮ್ನೆ ಸಮಾಧಾನಕ್ಕೆ. ಗಾಳಿ ಆಡುವ ಪೆಟ್ಟಿಗೆಯಲ್ಲಿ ಅದು ಬೇಗ ತುಂಬಿಹೋಗುತ್ತದೆ.

ಸಿಲಿಕಾನ್ ಹಚ್ಚಲೇಬೇಕಾದರೆ ವಾಸನೆ ನೋಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ಒಣಗುವಾಗ ಆಸಿಡ್ ಬಿಡುವ ಜಾತಿ. ಮುಚ್ಚಿದ ಪೆಟ್ಟಿಗೆಯಲ್ಲಿ ತಾಮ್ರದ ತುದಿಗಳನ್ನು ಹಸಿರು ಮಾಡುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಕೇಳಿ ತನ್ನಿ.

ನಂಬರ್ ನಿಜ, ಆದರೆ ಅರ್ಧಕ್ಕೆ ಮಾತ್ರ

ಎಸ್‌ಪಿ ರೋಡಿನಲ್ಲಿ ‘ವಾಟರ್ ಪ್ರೂಫ್ ಸಾರ್, ಏನೂ ಆಗಲ್ಲ’ ಅನ್ನುವ ಎಲ್‌ಇಡಿ ಸ್ಟ್ರಿಪ್ ಸಿಗುತ್ತದೆ. ಸ್ಟ್ರಿಪ್ ಮೇಲೆ ಸಿಲಿಕಾನ್ ಇದೆ, ನಿಜ. ಅದರ ಅಡಾಪ್ಟರ್ ಐಪಿ20, ಕತ್ತರಿಸಿ ಜೋಡಿಸಿದ ಜಾಗಕ್ಕೆ ಯಾವ ನಂಬರೂ ಇಲ್ಲ. ಪ್ಯಾನೆಲ್‌ನ ಪುಷ್ ಬಟನ್‌ಗೆ ಐಪಿ65 ಅಂದರೆ ಹೆಚ್ಚಾಗಿ ಬಾಗಿಲ ಹೊರಗಿನ ಮುಖಕ್ಕೆ ಮಾತ್ರ. ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್‌ನ ಐಪಿ67 ಇರುವುದು ಪ್ಲಗ್ ಹಾಕಿ ರಿಂಗ್ ತಿರುಗಿಸಿದಾಗ, ಅಥವಾ ಮುಚ್ಚಳ ಬಿಗಿ ಮಾಡಿದಾಗ. ಮುಚ್ಚಳ ಮುರಿದು ಎಸೆದ ಸಾಕೆಟ್‌ಗೆ ನೀರು ಹೋದರೆ ಅದು ಸಾಕೆಟ್ಟಿನ ತಪ್ಪಲ್ಲ.

ಪೀಣ್ಯ ಕಡೆಯ ವರ್ಕ್‌ಶಾಪ್‌ಗಳಲ್ಲಿ ಆಯುಧ ಪೂಜೆಗೆ ಮೆಷಿನ್ ತೊಳೆಯುವುದು ರೂಢಿ. ತೊಳೆಯಲು ಈಗ ಪ್ರೆಷರ್ ಗನ್ ಬಂದಿದೆ. ಎರಡನೇ ಅಂಕಿ 5ರ ಪರೀಕ್ಷೆಯ ನೀರಿನ ಒತ್ತಡ ಸುಮಾರು 0.3 ಬಾರ್. ಗನ್ ಒಳಗೆ ಒತ್ತಡ 100 ಬಾರ್ ಆಸುಪಾಸು ಇರುತ್ತದೆ. ಹತ್ತಿರದಿಂದ ಹೊಡೆದರೆ ಐಪಿ65 ಮೋಟಾರ್ ಟರ್ಮಿನಲ್ ಬಾಕ್ಸ್ ತಡೆಯುವುದಿಲ್ಲ. ಇಂಥದ್ದಕ್ಕೆ ಇರುವುದು 9, ಅಂದರೆ 80 ಡಿಗ್ರಿ ಬಿಸಿ ನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಹೊಡೆಯುವ ಪರೀಕ್ಷೆ. ಹಬ್ಬ ಮುಗಿದು ಮೆಷಿನ್ ಶುರು ಮಾಡಿದಾಗ ಮೋಟಾರ್ ಟ್ರಿಪ್ ಆದರೆ ಟರ್ಮಿನಲ್ ಬಾಕ್ಸ್ ಬಿಚ್ಚಿ ಒಣಗಿಸಿ, ಮೆಗ್ಗರ್ ನೋಡಿ, ಆಮೇಲೆ ವೈಂಡಿಂಗ್ ಬಗ್ಗೆ ಯೋಚಿಸಿ.

ಧೂಳು, ಇರುವೆ, ಹಲ್ಲಿ

ಧೂಳು ಒಣಗಿದ್ದಾಗ ಸುಮ್ಮನೆ ಇರುತ್ತದೆ. ತೇವ ಸೇರಿದಾಗ ಟರ್ಮಿನಲ್‌ಗಳ ನಡುವೆ ಕರೆಂಟ್ ಹರಿಯುವ ದಾರಿ ಮಾಡುತ್ತದೆ. ಪ್ಲಾಸ್ಟಿಕ್ ಮೇಲೆ ಕಪ್ಪು ಕವಲುಗೆರೆ ಕಂಡರೆ ಆ ಭಾಗವನ್ನು ಒರೆಸಿ ಉಳಿಸಿಕೊಳ್ಳಬೇಡಿ, ಬದಲಾಯಿಸಿ. ಸುಟ್ಟ ಆ ಗೆರೆಯಲ್ಲೇ ಮತ್ತೆ ಕರೆಂಟ್ ಹರಿಯುತ್ತದೆ.

ಬೋರ್‌ವೆಲ್ ಸ್ಟಾರ್ಟರ್ ಗುರ್ ಅನ್ನುತ್ತದೆ ಆದರೆ ಸರಿಯಾಗಿ ಎಳೆಯುವುದಿಲ್ಲ ಎಂದರೆ ಮೊದಲು ವೋಲ್ಟೇಜ್ ನೋಡಿ. ಅದು ಸರಿ ಇದ್ದರೆ ಒಳಗಿನ ಕಾಂಟ್ಯಾಕ್ಟರ್‌ನ (ಮ್ಯಾಗ್ನೆಟ್ ಎಳೆತದಿಂದ ಪಂಪಿಗೆ ಕರೆಂಟ್ ಜೋಡಿಸುವ ಸ್ವಿಚ್) ಮ್ಯಾಗ್ನೆಟ್ ಮುಖಗಳ ನಡುವೆ ಏನೋ ಸಿಕ್ಕಿದೆ. ಧೂಳಿಗಿಂತ ಹೆಚ್ಚಾಗಿ ಇರುವೆ, ಕೆಲವೊಮ್ಮೆ ಹಲ್ಲಿ. ಮೇನ್ ಆಫ್ ಮಾಡಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಒಣ ಬ್ರಷ್‌ನಿಂದ ತೆಗೆಯಿರಿ. ಎಣ್ಣೆ ಬೇಡ, ಮರಳು ಕಾಗದವೂ ಬೇಡ. ಇರುವೆಗಳಿಗೆ 1 ಮಿ.ಮೀ. ಸಂದೂ ದೊಡ್ಡ ಬಾಗಿಲೇ, ಆದ್ದರಿಂದ ಮೊದಲ ಅಂಕಿ 4 ಇದ್ದರೂ ಸಣ್ಣ ಇರುವೆ ನಿಲ್ಲುವುದಿಲ್ಲ. ಕೇಬಲ್‌ಗಾಗಿ ಕೊಟ್ಟು ಬಳಸದೇ ಉಳಿದ ನಾಕೌಟ್ ತೂತುಗಳಿಗೆಲ್ಲ ಬ್ಲ್ಯಾಂಕ್ ಪ್ಲಗ್ ಹಾಕಿ. ಹಲ್ಲಿ ಬರುವುದು ಅಲ್ಲಿಂದಲೇ.

ಎಲ್ಲಕ್ಕೂ 6 ಒಳ್ಳೆಯದು ಅನ್ನುವುದೂ ಸರಿಯಲ್ಲ. ಗ್ರಾನೈಟ್ ಕೊರೆಯುವ ಜಾಗದಲ್ಲಿ ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಇರುವ ಪ್ಯಾನೆಲ್‌ನ ಫ್ಯಾನ್ ಕಿತ್ತು ಪೂರ್ತಿ ಮುಚ್ಚಿದರೆ ಡ್ರೈವ್ ಬಿಸಿಗೆ ಟ್ರಿಪ್ ಆಗುತ್ತದೆ. ಫ್ಯಾನ್ ಮತ್ತು ಫಿಲ್ಟರ್ ಇರುವ ಐಪಿ54 ಪ್ಯಾನೆಲ್ ಅಲ್ಲಿಗೆ ಸರಿ. ಮಧ್ಯಾಹ್ನದ ಹೊತ್ತಿಗೇ ಟ್ರಿಪ್ ಆಗುತ್ತಿದ್ದರೆ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಧೂಳು ಒಳಗಿಲ್ಲ, ಫಿಲ್ಟರಿನಲ್ಲಿದೆ.

ಕೊಳ್ಳುವಾಗ, ಮುಚ್ಚಿದ ಮೇಲೆ

ಸಿಟ್‌ಔಟ್ ಅಥವಾ ಪೋರ್ಟಿಕೊ ಸೂರಿನ ಕೆಳಗೆ ಐಪಿ44 ಸಾಕು. ಬಯಲು ಗೋಡೆಗೆ 65. ನೀರು ನಿಲ್ಲುವ ತೋಟದ ನೆಲದ ಲೈಟಿಗೆ 67. ಕಾರಂಜಿ, ಸಂಪಿನ ಒಳಗೆ 68, ಆಳ ಬರೆದಿರುವುದು. ಗೋಡೆಗೆ 67 ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ಗ್ಲ್ಯಾಂಡ್, ಒಂದು ವೆಂಟ್, ದುಂಡನೆಯ ಕೇಬಲ್ ತನ್ನಿ. ನಂಬರ್ ರಟ್ಟಿನ ಡಬ್ಬದ ಮೇಲೆ ಮಾತ್ರ ಇದೆಯೋ ಲೈಟಿನ ಮೈ ಮೇಲೂ ಇದೆಯೋ ನೋಡಿ. ಬೇರೆ ಗ್ಯಾಸ್ಕೆಟ್ ಸಿಗುತ್ತಾ ಅಂತ ಅಂಗಡಿಯವರನ್ನು ಕೇಳಿ. ಗಟ್ಟಿಯಾದ ಗ್ಯಾಸ್ಕೆಟ್‌ಗೆ ದುರಸ್ತಿ ಇಲ್ಲ, ಬದಲಾವಣೆಯೇ.

ದುರಸ್ತಿ ಆದ ಮೇಲೆ ಮಳೆಗೆ ಕಾಯಬೇಕಿಲ್ಲ. ಮುಚ್ಚಳದ ಸ್ಕ್ರೂಗಳನ್ನು ಎದುರು ಬದುರು ಮೂಲೆಯಂತೆ ಬಿಗಿ ಮಾಡಿ, ಒಳಗೆ ಟರ್ಮಿನಲ್‌ಗೆ ತಾಗದಂತೆ ನ್ಯೂಸ್ ಪೇಪರ್‌ನ ಒಣ ಪಟ್ಟಿ ಇಡಿ. ಲೈಟ್ ಒಂದು ಗಂಟೆ ಉರಿಸಿ. ಆಮೇಲೆ ಎಂಸಿಬಿ, ಮೇನ್ ಎರಡೂ ಆಫ್ ಮಾಡಿ, ತೋಟದ ಪೈಪಿನಿಂದ 3 ಮೀಟರ್ ದೂರ ನಿಂತು 3 ನಿಮಿಷ ನೀರು ಹಿಡಿಯಿರಿ. 12 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬುವಷ್ಟು ನಲ್ಲಿ ತಿರುಗಿಸಿದರೆ ಪರೀಕ್ಷೆಯ ಹತ್ತಿರಕ್ಕೆ ಬರುತ್ತದೆ. ಬಿಸಿ ಪೆಟ್ಟಿಗೆಗೆ ತಣ್ಣೀರು ಬೀಳುವುದರಿಂದ ಇದು ಲ್ಯಾಬಿಗಿಂತ ಕಠಿಣ. ಗಾಜು ದುರ್ಬಲವಾಗಿದ್ದರೆ ಇಲ್ಲೇ ಬಿರುಕು ಬಿಡಬಹುದು, ಹತ್ತಿರ ನಿಲ್ಲಬೇಡಿ.

ಅರ್ಧ ಗಂಟೆ ಬಿಟ್ಟು, ಹೊರಮೈ ಒರೆಸಿ, ಬಿಚ್ಚಿ. ಪೇಪರ್ ಒಣಗಿದ್ದರೆ ತೆಗೆದು ಮುಚ್ಚಿ. ಡ್ರೈವರ್ ಬಿಚ್ಚಿಟ್ಟು ಮೆಗ್ಗರ್ ಅಳತೆ ತೆಗೆದುಕೊಳ್ಳಿ, ಅಂಕಿ ಮತ್ತು ತಾರೀಖನ್ನು ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ. ಸೆಪ್ಟೆಂಬರ್ ಮಳೆಯ ನಡುವೆ ಇನ್ನೊಮ್ಮೆ ಅಳೆದಾಗ ಅಂಕಿ 1 ಮೆಗಾ ಓಮ್ ಕಡೆಗೆ ಇಳಿಯುತ್ತಿದ್ದರೆ ಟ್ರಿಪ್ ಆಗುವವರೆಗೆ ಬಿಡದೆ ಪೈಪಿನ ಬಾಯಿಯಿಂದ ಮತ್ತೆ ಹುಡುಕಲು ಶುರು ಮಾಡಿ.